ಖಿರ್ದಿ ಪುಸ್ತಕದ ಎರಡು ಮನೆಗಳು

ಪದವಿ ಪ್ರಮಾಣಪತ್ರದಲ್ಲಿ ಅಚ್ಚಾಗಬೇಕಾದ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಶಾಲೆಯಿಂದ ಚೀಟಿ ಬಂದ ದಿನ ನಮ್ಮ ಮನೆಯಲ್ಲಿ ಸಣ್ಣ ತಕರಾರು ಎದ್ದಿತು. ಮಗಳ ಪಾಸ್‌ಪೋರ್ಟಿನಲ್ಲಿ ಲಾಸ್ಟ್ ನೇಮ್ ಎಂದಿರುವ ಜಾಗದಲ್ಲಿ ಇರುವುದು ನನ್ನ ಮಾವನವರ ಹೆಸರು. ನನ್ನವರು ಈ ದೇಶಕ್ಕೆ ಬರುವಾಗ ಅರ್ಜಿಯ ಆ ಖಾನೆಯನ್ನು ಖಾಲಿ ಬಿಡುವಂತಿರಲಿಲ್ಲ. ತಂದೆಯ ಹೆಸರನ್ನು ತುಂಬಿಸಿದರು. ಅದೇ ಮಗಳಿಗೂ ಬಂತು. "ಅದು ತಾತನ ಹೆಸರು. ಅಮ್ಮನಿಗಾದರೆ ಕುಲಕರ್ಣಿ ಅಂತ ಇದೆ, ನಮಗೆ ಯಾಕೆ ಏನೂ ಇಲ್ಲ?" ಎಂದು ಅವಳ ಪ್ರಶ್ನೆ.

ಉತ್ತರ ಹುಡುಕಲು ಕೂತಾಗ ಗೊತ್ತಾದದ್ದು, ನಮ್ಮೆರಡು ಮನೆಗಳ ಹಿರಿಯರು ಮಾಡುತ್ತಿದ್ದುದು ಒಂದೇ ಕೆಲಸ. ನನ್ನ ತವರು ಗದಗಿನ ಕಡೆ, ಗಂಡನ ಮನೆ ತುಮಕೂರಿನ ಕಡೆ. ಊರಿನ ಲೆಕ್ಕ ಬರೆಯುವವನಿಗೆ ನಮ್ಮಲ್ಲಿ ಕುಲಕರ್ಣಿ, ಅವರಲ್ಲಿ ಶ್ಯಾನುಭೋಗ. ಕುಲಕರ್ಣಿಯಲ್ಲಿರುವ 'ಕುಲ' ವಂಶವಲ್ಲ, ಕಂದಾಯ ಕಟ್ಟುವ ಒಕ್ಕಲು. ಕರಣಿ ಅಂದರೆ ಬರೆಯುವವ, ನಮ್ಮ ಕರಣಿಕ ಇದ್ದಂತೆ. ಶ್ಯಾನುಭೋಗ ಇನ್ನೂ ಹಳೆಯ ಪದ. ಶಾಸನಗಳಲ್ಲಿ ಬರುವ 'ಸೇನಬೋವ'ನೇ ಸವೆದು ಶ್ಯಾನುಭೋಗನಾದ ಎನ್ನುತ್ತಾರೆ.

ಯಾವ ಹೊಲ ಯಾರದು, ಯಾರು ಉಳುತ್ತಾರೆ, ಏನು ಬೆಳೆದಿದೆ, ಕಂದಾಯ ಎಷ್ಟು ಬಂತು, ಎಷ್ಟು ಬಾಕಿ, ಇಷ್ಟೂ ಅವನ ಪುಸ್ತಕದಲ್ಲಿ. ಕಾಗದ ಅಗ್ಗವಾಗುವ ಮೊದಲು ಬರೆಯುತ್ತಿದ್ದುದು ಕಡತದ ಮೇಲೆ: ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವುದು. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಇವತ್ತಿಗೂ ಕಡತ ಅನ್ನುವುದು ಅಲ್ಲಿಂದಲೇ. ಆ ಪುಸ್ತಕದ ಮಹಿಮೆಯನ್ನು ನಮ್ಮಲ್ಲಿ ಎಷ್ಟೋ ಜನ ಹೈಸ್ಕೂಲಿನಲ್ಲೇ ಓದಿದ್ದೇವೆ. ಎ.ಎನ್. ಮೂರ್ತಿರಾಯರ 'ವ್ಯಾಘ್ರಗೀತೆ'ಯ ಶಾನುಭೋಗರು ಹುಲಿಯ ಎದುರಿಗೂ ಖಿರ್ದಿ ಪುಸ್ತಕವನ್ನೇ ಆಯುಧ ಮಾಡಿಕೊಳ್ಳುತ್ತಾರೆ. ನಕ್ಕು ಓದಿದ ಪಾಠ. ಆದರೆ ಆ ಪುಸ್ತಕ ನಿಜವಾಗಿಯೂ ಆಯುಧವೇ ಆಗಿತ್ತು ಎಂಬುದು ನನಗೆ ಹೊಳೆದದ್ದು ತಡವಾಗಿ. ಅದಕ್ಕೆ ಆಮೇಲೆ ಬರುತ್ತೇನೆ.

ಕೆಲಸ ಒಂದೇ ಆದರೂ ನಮ್ಮಲ್ಲಿ ಅದು ಅಡ್ಡಹೆಸರಾಗಿ ಅಂಟಿತು, ಅವರಲ್ಲಿ ಕರೆಯುವ ಮಾತಾಗಷ್ಟೇ ಉಳಿಯಿತು. ಗದಗು, ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿ ಹುದ್ದೆಯೆಂದರೆ ವತನ, ಮನೆತನದ ಆಸ್ತಿ. 1874ರಲ್ಲಿ ಬ್ರಿಟಿಷರು ಅದಕ್ಕೊಂದು ಕಾಯಿದೆಯನ್ನೇ ಮಾಡಿದರು. ದೇಸಾಯಿ, ದೇಶಪಾಂಡೆ, ನಾಡಗೌಡ, ಪಾಟೀಲ, ತಳವಾರ, ವಾಲೀಕಾರ ಎಲ್ಲವೂ ಹೀಗೆ ಹುದ್ದೆಯಿಂದ ಬಂದ ಹೆಸರುಗಳೇ. ಮೈಸೂರು ಸೀಮೆಯಲ್ಲೂ ಶ್ಯಾನುಭೋಗಿಕೆ ಅಪ್ಪನಿಂದ ಮಗನಿಗೇ ಬರುತ್ತಿತ್ತು. ಆದರೆ ಅಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ, ಅಷ್ಟೇ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ನಮ್ಮ ಕಡೆ ಲೆಕ್ಕ ತಿರುವುಮುರುವು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ವತನದ ದಫ್ತರಕ್ಕೆ ಮನೆತನದ ಹೆಸರು ಬೇಕಾಗಿತ್ತು, ಅದಕ್ಕೇ ಹೀಗಾಯಿತು ಎಂಬುದು ನನ್ನ ಊಹೆ. ತಿಳಿದವರು ತಿದ್ದಲಿ.

ಹುದ್ದೆಗಳು ಹೋದದ್ದೂ ಬೇರೆ ಬೇರೆ ಕಾಲಕ್ಕೆ. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನ ರದ್ದಾದದ್ದು 1950ರ ಕಾಯಿದೆಯಿಂದ. ಮೈಸೂರು ರಾಜ್ಯದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ವಂಶದ ಹಕ್ಕು ಹೋಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. "ವತನ ಹೋತು, ಹೆಸರು ಉಳೀತು" ಎಂದು ನಮ್ಮಜ್ಜ ಕೊನೆಯವರೆಗೂ ಗೊಣಗುತ್ತಿದ್ದರು. ಮಾವನವರ ತಂದೆ ಮಾತ್ರ ಪುಸ್ತಕಗಳನ್ನೆಲ್ಲ ಗಾಡಿಯಲ್ಲಿ ತಾಲ್ಲೂಕು ಕಚೇರಿಗೆ ಒಪ್ಪಿಸಿ ಬಂದು, ಎಂದಿನಂತೆ ಊಟ ಮಾಡಿ ಮಲಗಿದರಂತೆ.

ಇದನ್ನೆಲ್ಲ ಒಂದು ಶನಿವಾರ, ಮಕ್ಕಳ ತರಗತಿ ಮುಗಿಯುವುದನ್ನು ಕಾಯುತ್ತ, ಇನ್ನೊಬ್ಬ ಪೋಷಕರಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರ ಅಜ್ಜ ತಳವಾರರಾಗಿದ್ದವರು. ನಕ್ಕು, "ನಿಮ್ಮಜ್ಜಾರು ಬರೀತಿದ್ರು ಅಕ್ಕಾರ, ನಮ್ಮಜ್ಜ ಆ ದಫ್ತರ ಹೊರತಿದ್ದ. ಅದರಾಗ ಏನ್ ಬರದಾರ ಅಂತ ಅವಗ ಓದಾಕ ಬರತಿರಲಿಲ್ಲ" ಅಂದರು. ನನಗೆ ಮಾತು ಹೊರಡಲಿಲ್ಲ. ಓದು ಬಾರದ ಊರಿನಲ್ಲಿ ಹೊಲ ಯಾರದೆಂದು ಬರೆಯುವ ಲೇಖನಿ ಒಂದೇ ಮನೆಯಲ್ಲಿ, ತಲೆಮಾರುಗಟ್ಟಲೆ. ಎಲ್ಲರೂ ನ್ಯಾಯವಾಗಿಯೇ ಬರೆದರು ಎಂದು ನಾನು ಹೇಗೆ ಹೇಳಲಿ? ಅಜ್ಜ ಗೊಣಗಿದ ಆ ರದ್ದಿಯಾತಿ ಆಗಬೇಕಾದದ್ದೇ ಅನ್ನಿಸಿತು. ಈಗ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದಿವೆ. ತಮ್ಮ ಹೊಲದ ಪಹಣಿಯನ್ನು ಇಲ್ಲಿಂದಲೇ ಫೋನಿನಲ್ಲಿ ನೋಡುತ್ತೇನೆ ಎಂದೂ ಅವರೇ ತೋರಿಸಿದರು.

ಮಗಳಿಗೆ ಇಷ್ಟನ್ನೂ ಹೇಳಿದೆ, ತಳವಾರರ ಮಾತನ್ನೂ ಬಿಡದೆ. ಅವಳು ಕುಲಕರ್ಣಿಯನ್ನೂ ಕೇಳಲಿಲ್ಲ, ಶ್ಯಾನುಭೋಗನನ್ನೂ ಕೇಳಲಿಲ್ಲ. ಅಪ್ಪನ ಅಕ್ಷರ, ಊರಿನ ಅಕ್ಷರ, ಆಮೇಲೆ ತನ್ನ ಹೆಸರು ಬರೆದು ತಾತನಿಗೆ ವಿಡಿಯೊ ಕರೆಯಲ್ಲಿ ತೋರಿಸಿದಳು. ಮಾವನವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಊರು ಮೊದಲು ಬರಬೇಕು ಪುಟ್ಟಿ, ಅಪ್ಪ ಆಮೇಲೆ" ಎಂದರು. ಹೊಸ ಹಾಳೆಯಲ್ಲಿ ತಿದ್ದಿ ಬರೆದು, ಸೋಮವಾರ ಕಳಿಸಿಕೊಟ್ಟೆವು.