ಬಾಗಿಲು ಯಾವ ಕಾಲದ್ದು? ಜಲಾಂತರ್ಗಾಮಿಯ ಮಾದರಿ ಮತ್ತು ಪಾಠದ ಪ್ರಶ್ನೆ

  ನಾನು ಗಡಹಿಂಗ್ಲಜದವನು, ಕನ್ನಡ ಎಂ.ಎ. ಓದ್ತಿದ್ದೇನೆ. ಸಾಹಿತ್ಯದ ವಿದ್ಯಾರ್ಥಿ ಸಬ್‌ಮರೀನ್ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ಅನ್ನಿಸಬಹುದು. ಕಾರಣ ಒಂದು ಬಾಗಿಲು. ಅದರಿಂದಲೇ ಶುರು ಮಾಡ್ತೀನಿ.

ನನ್ನ ಸೋದರಮಾವ ನೌಕಾಪಡೆಯಲ್ಲಿದ್ದವರು. 1990ರ ದಶಕದಲ್ಲಿ ಕೆಲವು ವರ್ಷ ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿಯಲ್ಲಿ ಕೆಲಸ ಮಾಡಿದರು. ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಅದರ ಮಾದರಿ ಮಾಡಿ ಕೊಡಬೇಕು ಅಂತ ನನ್ನಾಸೆ. ಪ್ಲಾಸ್ಟಿಕ್ ಕಿಟ್ ತರಿಸಿದೆ. ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕುರ್ಸುರಾದ ಫೋಟೋಗಳನ್ನು ಎದುರಿಗಿಟ್ಟುಕೊಂಡು ನಾಲ್ಕು ತಿಂಗಳು ಕೂತೆ. ಮುಗಿಯುವ ಹಂತದಲ್ಲಿ ಮಾವ ಒಂದಿನ ಮನೆಗೆ ಬಂದು ನೋಡಿಬಿಟ್ಟರು. ಕನ್ನಡಕ ಏರಿಸಿ, ಮಾದರಿಯ ಪಕ್ಕೆ ಮುಟ್ಟಿ ಕೇಳಿದರು: “ತಮ್ಮಾ, ಇದೇನಪಾ ಬಾಗಲಾ? ನಾವು ಮ್ಯಾಲಿಂದ ಇಳೀತಿದ್ವಿ.”

ಹೌದಲ್ಲ! ಆ ಬಾಗಿಲು ಪ್ರವಾಸಿಗರು ನಡೆದು ಹೋಗಲಿ ಅಂತ ಆಮೇಲೆ ಪಕ್ಕೆಯಲ್ಲಿ ಕೊರೆದದ್ದು. ನೀರಿನೊಳಗೆ ಮುಳುಗುವ ಹಡಗಿಗೆ ಪಕ್ಕದಲ್ಲಿ ಬಾಗಿಲು ಎಲ್ಲಿಂದ ಬರಬೇಕು? ಎರಡು ದಿನ ಕಷ್ಟಪಟ್ಟು ಕೊರೆದದ್ದನ್ನು ಮಾವನ ಒಂದು ಮಾತು ಸುಳ್ಳು ಮಾಡಿತು.

ಗ್ರಂಥಸಂಪಾದನೆಯ ತರಗತಿಯಲ್ಲಿ ಕೂತವರಿಗೆ ಈ ತಪ್ಪಿನ ಹೆಸರು ಗೊತ್ತು: ಪ್ರಕ್ಷಿಪ್ತ. ಮೂಲದಲ್ಲಿ ಇಲ್ಲದ್ದು, ನಂತರದವರು ತಮ್ಮ ಅಗತ್ಯಕ್ಕೆ ಸೇರಿಸಿದ್ದು. ನಾನು ಎಲ್ಲಕ್ಕಿಂತ ಈಚಿನ ಪ್ರತಿಯನ್ನೇ ಮೂಲ ಅಂತ ನಂಬಿದ್ದೆ. ಇವತ್ತಿನ ನನ್ನ ಮಾತಿನ ತಿರುಳೂ ಇದೇ. ಮಾದರಿಗೆ ಸೇರಿಸುವ ಪ್ರತಿ ಸೂಕ್ಷ್ಮ ವಿವರವೂ ಒಂದು ಕಾಲದ ಬಗ್ಗೆ ನಾವು ಮಾಡುವ ಹೇಳಿಕೆ. ಆಧಾರ ಇಲ್ಲದಿದ್ದರೆ ಆ ಹೇಳಿಕೆ ಮಾಡಬಾರದು.

ಮೊದಲು ಕುರ್ಸುರಾದ ಚರಿತ್ರೆಯನ್ನು ಚಿಕ್ಕದಾಗಿ ಹೇಳ್ತೀನಿ. ಭಾರತದ ಮೊದಲ ಜಲಾಂತರ್ಗಾಮಿ ಕಲ್ವರಿ 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದ ರೀಗಾದಲ್ಲಿ ಸೇವೆಗೆ ಸೇರಿತು. ಆ ಸರಣಿಯಲ್ಲಿ ಮುಂದೆ ಖಂದೇರಿ, ಕರಂಜ್ ಬಂದವು. 1969ರ ಡಿಸೆಂಬರ್ 18ರಂದು ಬಂದ ಕುರ್ಸುರಾ ನಾಲ್ಕನೆಯದು. ಖಂದೇರಿ ಅಂದರೆ ಅಲಿಬಾಗ್ ಹತ್ತಿರದ ಶಿವಾಜಿ ಕಾಲದ ದ್ವೀಪಕೋಟೆ, ನಮ್ಮ ಕೊಲ್ಹಾಪುರದ ಕಡೆಯವರಿಗೆ ಪರಿಚಿತ ಹೆಸರು. 1971ರ ಯುದ್ಧದಲ್ಲಿ ಕುರ್ಸುರಾ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತು. ನಡುವೆ ಕೆಲವು ವರ್ಷ ಓಡದೆ ನಿಂತು, ತನ್ನ ಬಿಡಿಭಾಗಗಳನ್ನೇ ಬೇರೆ ಜಲಾಂತರ್ಗಾಮಿಗಳಿಗೆ ಕೊಟ್ಟು, ದೊಡ್ಡ ದುರಸ್ತಿಯ ನಂತರ 1985ರಲ್ಲಿ ಮತ್ತೆ ಕೆಲಸಕ್ಕೆ ಇಳಿಯಿತು. 2001ರ ಫೆಬ್ರವರಿಯಲ್ಲಿ ನಿವೃತ್ತಿ, 2002ರಲ್ಲಿ ವಸ್ತುಸಂಗ್ರಹಾಲಯ.

ಅಂದರೆ ಕುರ್ಸುರಾ ಒಂದಲ್ಲ. 1971ರದ್ದು ಒಂದು, 1985ರ ನಂತರದ್ದು ಒಂದು, ದಂಡೆಯ ಮೇಲಿನದ್ದು ಇನ್ನೊಂದು. ಮೂರು ಪಾಠಗಳು. ನಾನು ಮಾಡಬೇಕಿದ್ದದ್ದು ಎರಡನೆಯದು, ಮಾಡಿದ್ದು ಮೂರನೆಯದು.

ನಮ್ಮಲ್ಲಿ ಶಾಸನ ಓದುವವರು ಇದೇ ಕೆಲಸ ಮಾಡ್ತಾರೆ. ಇಚಲಕರಂಜಿಯಿಂದ ಖಿದ್ರಾಪುರಕ್ಕೆ ಹೋದರೆ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳು ಕಾಣ್ತಾವೆ. ಎಲ್ಲಾದರೂ ತೇದಿ ಇಲ್ಲದ ಶಾಸನ ಸಿಕ್ಕರೆ ಅಕ್ಷರದ ಆಕಾರ ನೋಡಿ ಕಾಲ ಊಹಿಸ್ತೇವೆ. ಹಳಗನ್ನಡದ ‘ಏೞು’ ಮುಂದೆ ‘ಏಳು’ ಆಯಿತು. ‘ೞ’ ನಿಧಾನಕ್ಕೆ ಬಳಕೆಯಿಂದ ಸರಿಯಿತು. ಈಚಿನ ಕಾಲದ ಬರಹಕ್ಕೆ ಚೆಂದಕ್ಕೆ ಅಂತ ‘ೞ’ ಸೇರಿಸಿದರೆ ಅದು ಅಲಂಕಾರ ಅಲ್ಲ, ತಪ್ಪು. ಮಾದರಿಯಲ್ಲೂ ಹಾಗೇ. ಕುರ್ಸುರಾದ ಒಡಲು ಬೆಸುಗೆ ಹಾಕಿದ್ದು. ನೋಡೋಕೆ ಗಟ್ಟಿಯಾಗಿ ಕಾಣ್ತದೆ ಅಂತ ಸಾಲುಸಾಲು ರಿವೆಟ್ ತಲೆಗಳನ್ನು ಅಂಟಿಸಿದರೆ ಹಡಗು ಎಷ್ಟೋ ದಶಕ ಹಿಂದಕ್ಕೆ ಹೋಗ್ತದೆ.

ಈಗ ಅಳತೆಯ ವಿಷಯ. ಕುರ್ಸುರಾದ ಉದ್ದ 91.3 ಮೀಟರ್. ನನ್ನ ಮಾದರಿ 350ರಲ್ಲಿ ಒಂದು ಪಾಲು, ಅಂದರೆ ಸುಮಾರು 26 ಸೆಂ.ಮೀ. ಅದರ ಮೇಲೆ ನಿಂತ ಮನುಷ್ಯ 5 ಮಿ.ಮೀ. ಕೂಡ ಇರೋದಿಲ್ಲ. 3 ಸೆಂ.ಮೀ. ದಪ್ಪದ ಕೈಕಂಬಿ 0.09 ಮಿ.ಮೀ. ಆಗ್ತದೆ, ಹೆಚ್ಚುಕಡಿಮೆ ಒಂದು ಹಾಳೆಯ ದಪ್ಪ. ಇಷ್ಟು ತೆಳುವನ್ನು ಪ್ಲಾಸ್ಟಿಕ್ ಅಚ್ಚಿನಲ್ಲಿ ತೆಗೆಯೋದಕ್ಕೆ ಆಗೋದಿಲ್ಲ. ಹಾಗಾಗಿ ಕಿಟ್‌ನಲ್ಲಿ ಅದು ದಪ್ಪವಾಗಿ ಬಂದಿರ್ತದೆ, ಇಲ್ಲವೇ ಬಿಟ್ಟೇ ಹೋಗಿರ್ತದೆ. ಇದಕ್ಕೆ ಹಿತ್ತಾಳೆಯ ತೆಳು ತಗಡನ್ನು ಬಳಸ್ತಾರೆ. ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿ, ಚಿತ್ರ ಮೂಡಿಸಿ, ಬೇಡದ ಭಾಗವನ್ನು ರಾಸಾಯನಿಕದಿಂದ ತಿನ್ನಿಸ್ತಾರೆ. ನನಗೆ ಅದು ಸಿಗಲಿಲ್ಲ. ಇಚಲಕರಂಜಿಯ ಮಗ್ಗದ ನೂಲು ನೋಡಿದೆ, ಹತ್ತಿಯ ನವಿರು ಎದ್ದು ಹಡಗಿಗೆ ಕೂದಲು ಬಂದ ಹಾಗೆ ಕಂಡಿತು. ಕೊನೆಗೆ ಕಾಲ್ಗೆಜ್ಜೆಗೆ ಹೆಸರಾದ ಹುಪರಿಯಲ್ಲಿ ಬೆಳ್ಳಿ ಕೆಲಸದವರೊಬ್ಬರು ಕಂಬಚ್ಚಿನಲ್ಲಿ, ಅಂದರೆ ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ, ಎಳೆದೂ ಎಳೆದೂ ಸಣ್ಣ ಮಾಡಿದ ತಂತಿ ಕೊಟ್ಟರು. “ಇಷ್ಟು ಸಣ್ಣದು ಯಾವ ದಾಗೀನಕ್ಕೆ?” ಅಂತ ಕೇಳಿದರು.

ಬಾಗಿಲು ಮುಚ್ಚಿದ ಮೇಲೆ ಮಾವನ ಹತ್ತಿರ ಕೂತು ಒಂದೊಂದನ್ನೇ ಕೇಳಿದೆ. ಹಿಂದುಗಡೆ ಪ್ರೊಪೆಲ್ಲರ್ ಮೂರು ಅಂದರು, ಫೋಟೋಗೂ ಹೊಂದಿತು. ಒಡಲ ಪಕ್ಕದ ಸಾಲುಕಂಡಿಗಳನ್ನು ತೋರಿಸಿದಾಗ ಬಹಳ ಹೊತ್ತು ಮಾತಾಡಿದರು. ಮುಳುಗುವಾಗ ಹೊರಕವಚದೊಳಗೆ ಆ ಕಂಡಿಗಳಿಂದ ನೀರು ಹೋಗ್ತದೆ, ಮೇಲೆದ್ದಾಗ ಅಲ್ಲಿಂದಲೇ ಸುರೀತದೆ. “ಆ ಸಪ್ಪಳ ಕೇಳಿದರ ಮ್ಯಾಲೆ ಬಂದ್ವಿ ಅಂತ ಜೀವಕ್ಕ ಸಮಾಧಾನ” ಅಂದರು. ಕಿಟ್‌ನಲ್ಲಿ ಅವು ಬರೀ ತಗ್ಗುಗಳು. 0.3 ಮಿ.ಮೀ. ಬೈರಿಗೆ ತಗೊಂಡು ಎಲ್ಲವನ್ನೂ ಆರಪಾರ ಕೊರೆದೆ. ಯಾರ ಕಣ್ಣಿಗೂ ಬೀಳದಿರಬಹುದು. ಆದರೆ ಆ ಕಂಡಿಯ ಹಿಂದೆ ಒಂದು ಸಪ್ಪಳ ಇದೆ ಅಂತ ಈಗ ನನಗೆ ಗೊತ್ತು.

ಮಾವನ ನೆನಪೂ ಒಂದು ಹಸ್ತಪ್ರತಿಯೇ, ಅದರಲ್ಲೂ ಪಾಠಾಂತರಗಳಿವೆ. ಒಂದು ಆಂಟೆನಾ ಎಲ್ಲಿತ್ತು ಅಂತ ಸೋಮವಾರ ಒಂದು ಹೇಳಿದರು, ಗುರುವಾರ ಇನ್ನೊಂದು. ಆ ವರ್ಷಗಳ ಸ್ಪಷ್ಟ ಫೋಟೋ ನನಗೆ ಸಿಗಲಿಲ್ಲ. ಆ ಜಾಗವನ್ನು ನುಣುಪಾಗಿಯೇ ಬಿಟ್ಟೆ. ಓಲೆಗರಿ ಮುರಿದು ಅಕ್ಷರ ಹೋದ ಕಡೆ ಸಂಪಾದಕರು ಚುಕ್ಕಿ ಹಾಕ್ತಾರಲ್ಲ, ಹಾಗೆ. ಸ್ಪರ್ಧೆಗೆ ಇಟ್ಟರೆ ಇದು ಕೊರತೆ ಅನ್ನಿಸಬಹುದು. ನನ್ನ ಮಟ್ಟಿಗೆ ಅದು ಮಾದರಿಯ ಅತಿ ಪ್ರಾಮಾಣಿಕ ಭಾಗ.

ಈಗ ಅದು ಮಾವನ ಮನೆಯ ಟಿವಿ ಪಕ್ಕದಲ್ಲಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಬಾಗಿಲು ಮುಚ್ಚಿದ ಗೆರೆ ಸಣ್ಣಗೆ ಕಾಣ್ತದೆ. ಪೂರ್ತಿ ಉಜ್ಜಿಬಿಡಬಹುದಿತ್ತು, ಬಿಟ್ಟಿದ್ದೇನೆ. ತಿದ್ದಿದ ಪಾಠ ಯಾವುದು ಅಂತ ಓದುಗರಿಗೆ ತಿಳಿಯಬೇಕು ಅಂತ ನಮ್ಮ ಗುರುಗಳೇ ಕಲಿಸಿದ್ದು.