ನುಚ್ಚಿನ ಗಂಜಿಯಿಂದ ಅಂಗಡಿಯ ಮೂಟೆಗೆ: ಬಿಳಗಿ ಸೀಮೆಯ ನಾಯಿಗಳ ಊಟ

ಬಿಳಗಿ ಸೀಮೆಯಲ್ಲಿ ನಾಯಿಗೆಂದು ದುಡ್ಡು ಕೊಟ್ಟು ಆಹಾರ ತರುವ ಪದ್ಧತಿ ಹೊಸದು. ಎರಡು ತಲೆಮಾರಿನ ಹಿಂದಿನವರೆಗೂ ಸಿದ್ದಾಪುರ, ಶಿರಸಿ, ಯಲ್ಲಾಪುರದ ಮನೆಗಳಲ್ಲಿ ನಾಯಿಯ ಹೊಟ್ಟೆ ತುಂಬಿಸುತ್ತಿದ್ದುದು ಆ ಮನೆಯ ಗದ್ದೆ, ಕೊಟ್ಟಿಗೆ ಮತ್ತು ಸುತ್ತಲಿನ ಕಾಡು. ಭತ್ತ ಕುಟ್ಟಿದಾಗ ಮೂರು ಪಾಲಾಗುತ್ತಿತ್ತು: ಇಡಿಯ ಅಕ್ಕಿ ಮನೆಯವರಿಗೆ, ತೌಡು ದನಕ್ಕೆ, ನುಚ್ಚು ಕೋಳಿಗೂ ನಾಯಿಗೂ. ನುಚ್ಚಿನ ಗಂಜಿ, ಹಿಂದಿನ ದಿನದ ಅನ್ನ, ಬೆಣ್ಣೆ ತೆಗೆದ ಮೇಲಿನ ನೀರುಮಜ್ಜಿಗೆ ಇವು ಹಿತ್ತಲ ಕಡೆಯಲ್ಲಿ ಕಲ್ಲಿನ ಮರಿಗೆಗೋ ಅಡಿಕೆ ಹಾಳೆಗೋ ಬೀಳುತ್ತಿದ್ದವು. ಅದಕ್ಕೆ ಬೆಲೆ ಕಟ್ಟಿದವರಿಲ್ಲ. ಕಟ್ಟುವ ಅಗತ್ಯವೂ ಬಂದಿರಲಿಲ್ಲ.

ಸಿದ್ದಾಪುರ ತಾಲೂಕಿನ ಬಿಳಗಿ ಇಂದು ಸಣ್ಣ ಊರು. ಒಂದು ಕಾಲಕ್ಕೆ ಅದು ಶ್ವೇತಪುರವೆಂದು ಕರೆಸಿಕೊಂಡ, ಜೈನ ಅರಸರು ಆಳಿದ ರಾಜಧಾನಿ. ರತ್ನತ್ರಯ ಬಸದಿಯೂ ಗೋಲಬಾವಿಯೂ ಆ ದಿನಗಳ ಕುರುಹಾಗಿ ಉಳಿದಿವೆ. ಊರಿನ ಸುತ್ತ ಆಗಲೂ ಈಗಲೂ ದಟ್ಟ ಕಾಡು, ಕಣಿವೆಯ ತಳದಲ್ಲಿ ಗದ್ದೆ, ಅದರ ಅಂಚಿನಲ್ಲಿ ಅಡಿಕೆ ತೋಟ. ಇಂಥ ನೆಲದಲ್ಲಿ ನಾಯಿಗೆ ಕೆಲಸ ತಪ್ಪಿದ್ದಲ್ಲ. ಗದ್ದೆಗೆ ನುಗ್ಗುವ ಹಂದಿ, ತೋಟಕ್ಕೆ ಬರುವ ಮಂಗ, ಕೊಟ್ಟಿಗೆಯ ಕರುವಿಗೆ ಹೊಂಚುವ ಚಿರತೆ ಇವೆಲ್ಲದರ ಸುಳಿವು ಮೊದಲು ಸಿಗುತ್ತಿದ್ದುದು ನಾಯಿಗೆ. ಹವ್ಯಕರ ತೋಟದ ಮನೆಯಲ್ಲಿ ಒಂದೆರಡು ಕಾವಲು ನಾಯಿಗಳಿದ್ದರೆ, ದೀವರ, ಕರೆ ಒಕ್ಕಲಿಗರ ಕೇರಿಗಳಲ್ಲಿ ಬೇಟೆಯ ನಾಯಿಗಳು ಹಿಂಡಾಗಿಯೇ ಇರುತ್ತಿದ್ದವು. ಯಲ್ಲಾಪುರದ ಕಡೆ ಸಿದ್ದಿ ಮತ್ತು ಕುಣಬಿಗಳ ಬೇಟೆಗೂ ನಾಯಿ ಬೇಕಿತ್ತು, ಗೌಳಿವಾಡಗಳ ಎಮ್ಮೆ ಹಿಂಡಿಗೂ ಬೇಕಿತ್ತು.

ಒಂದೇ ಸೀಮೆಯಲ್ಲಿದ್ದರೂ ಈ ನಾಯಿಗಳ ಊಟ ಒಂದೇ ಆಗಿರಲಿಲ್ಲ. ತೋಟದ ಮನೆಯ ನಾಯಿ ಅನ್ನ ಮಜ್ಜಿಗೆಯ ಮೇಲೆ ಬದುಕುತ್ತಿತ್ತು. ಗೌಳಿಗರ ನಾಯಿಗೆ ಹಾಲಿನ ಪಸೆ ಹೆಚ್ಚು ಸಿಗುತ್ತಿತ್ತು. ಬೇಟೆ ನಾಯಿಗೆ ದಿನನಿತ್ಯ ಗಂಜಿಯೇ ಗತಿಯಾದರೂ ಹಂದಿ ಬಿದ್ದ ದಿನ ಅದರ ಪಾಲು ಖಚಿತ. ಹಳುವಿಗೆ ನುಗ್ಗಿ ಪ್ರಾಣಿಯನ್ನು ಎಬ್ಬಿಸಿ ತಂದ ನಾಯಿಗೆ ಕರುಳು, ಶ್ವಾಸಕೋಶಗಳನ್ನು ಅಲ್ಲೇ ಹಾಕುತ್ತಿದ್ದರು. ಮಾಂಸ ಹಂಚುವಾಗ ಕೋವಿಯವನ ಪಾಲಿನಂತೆ ನಾಯಿಯ ಪಾಲನ್ನೂ ತೆಗೆದು ಅದರ ಒಡೆಯನಿಗೆ ಕೊಡುತ್ತಿದ್ದರು. ಮೀನು ತಿನ್ನುವ ಮನೆಗಳಲ್ಲಿ ಕುಮಟಾ, ಹೊನ್ನಾವರದಿಂದ ಘಟ್ಟ ಹತ್ತಿ ಬರುತ್ತಿದ್ದ ಒಣಮೀನಿನ ತಲೆ, ಮುಳ್ಳು ಮಳೆಗಾಲದ ಗಂಜಿಗೆ ಬೀಳುತ್ತಿದ್ದವು. ಅಂದರೆ ಹೊಟ್ಟೆ ತುಂಬುವ ಕೆಲಸವನ್ನು ಅಕ್ಕಿ ಮಾಡುತ್ತಿತ್ತು. ಮೈ ಕಟ್ಟುವ ಕೆಲಸವನ್ನು ಮಜ್ಜಿಗೆ, ಮೀನು, ಬೇಟೆಯ ಮಾಂಸಗಳಲ್ಲಿ ಯಾವುದು ಸಿಕ್ಕಿತೋ ಅದು ಮಾಡುತ್ತಿತ್ತು.

ಬೇಟೆ ನಾಯಿಯನ್ನು ಗೌರವಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ವೀರಗಲ್ಲು ಕಾಳಿ ಎಂಬ ನಾಯಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಗಂಗ ಬೂತುಗನ ಆಳು ಮಣಲೆರನು ಬಹುಮಾನವಾಗಿ ಬೇಡಿ ಪಡೆದ ಕಾಳಿ, ದೊಡ್ಡ ಕಾಡುಹಂದಿಯೊಡನೆ ಕಾದಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಆ ಕಲ್ಲನ್ನು ಪೂಜಿಸದೆ ಅಲ್ಲಿನ ಪೂಜಾರಿ ಊಟ ಮಾಡಿದರೆ ಪಾಪ ಬರುತ್ತದೆಂದು ಶಾಸನ ಎಚ್ಚರಿಸುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ನಾಯಿಗಳಿಗೂ ಒಂದು ಭಾಗವಿದೆ. ಅರಮನೆಯ ನಾಯಿಗೆ ಆಳು ಕಾಳು ಇರುತ್ತಿತ್ತು. ಮಲೆನಾಡಿನ ಒಕ್ಕಲಿನ ನಾಯಿಗೆ ಅದಿಲ್ಲದಿದ್ದರೂ ಪಾಲು ಇತ್ತು ಎಂಬುದು ಸಣ್ಣ ಮಾತಲ್ಲ.

ಬರಿಯ ಗಂಜಿಯ ಮೇಲೆ ನಾಯಿ ಹೇಗೆ ಬಾಳಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇತ್ತೀಚೆಗೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಅರಗಿಸುವ ಕಿಣ್ವಕ್ಕೆ ಕಾರಣವಾದ ಜೀನ್ ತೋಳದಲ್ಲಿ 2 ಪ್ರತಿಗಳಷ್ಟೇ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇರುತ್ತದೆ. ಬೇಸಾಯಗಾರನ ಜೊತೆ ಬಾಳುತ್ತ ನಾಯಿ ಧಾನ್ಯ ತಿನ್ನಲು ಒಗ್ಗಿಕೊಂಡಿದೆ. ಆದ್ದರಿಂದ ಅನ್ನ ನಾಯಿಗೆ ಸಲ್ಲದ ಆಹಾರವೆಂಬ ಮಾತು ತಪ್ಪು. ಅನ್ನವೊಂದೇ ಸಾಕೆಂಬುದೂ ಅಷ್ಟೇ ತಪ್ಪು. ಕುಟ್ಟಿದ ಕೆಂಪಕ್ಕಿಯಲ್ಲಿ ತೌಡಿನ ಪದರ ಅಷ್ಟಿಷ್ಟು ಉಳಿದಿರುತ್ತಿದ್ದುದರಿಂದ ಬಿ ಜೀವಸತ್ವಗಳು ಸಿಗುತ್ತಿದ್ದವು. ಗಿರಣಿಗಳು ಬಂದು ಅಕ್ಕಿ ಬೆಳ್ಳಗಾದಂತೆ ಮನುಷ್ಯರ ತಟ್ಟೆಯಿಂದಲೂ ನಾಯಿಯ ಹಾಳೆಯಿಂದಲೂ ಅವು ಕಡಿಮೆಯಾದವು.

ಬಯಲುಸೀಮೆಯ ಕತೆ ಬೇರೆ. ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೊಂದು ಬೀಳಗಿ ಇದೆ. ಅದರ ನೆರೆಯ ತಾಲೂಕೇ ಬೇಟೆ ನಾಯಿಗೆ ಹೆಸರಾದ ಮುಧೋಳ. ನಾಯಿ ಸಾಕಿ ಮಾರುವುದೇ ಕಸುಬಾಗಿ ಬೆಳೆದದ್ದು ಕರ್ನಾಟಕದಲ್ಲಿ ಮುಖ್ಯವಾಗಿ ಅಲ್ಲಿ. ಮುಧೋಳದ ಘೋರ್ಪಡೆ ಅರಸರು ತಳಿಯನ್ನು ಪೋಷಿಸಿದರು; ಮಾಲೋಜಿರಾವ್ ಘೋರ್ಪಡೆ ಬ್ರಿಟನ್ನಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. ಅಂಚೆ ಇಲಾಖೆ 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಹೊರತಂದಿತು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಅಲ್ಲಿಂದ ಹೋದ ಮರಿಗಳನ್ನು ಭಾರತೀಯ ಸೇನೆ 2016ರಲ್ಲಿ ಮೀರಠಿನಲ್ಲಿ ತರಬೇತಿಗೆ ತೆಗೆದುಕೊಂಡಿತು. ಇಷ್ಟೆಲ್ಲ ಕೀರ್ತಿ ಪಡೆದ ನಾಯಿ ಹಳ್ಳಿಯ ಮನೆಗಳಲ್ಲಿ ತಿಂದು ಬೆಳೆದದ್ದು ಜೋಳ, ಗೋವಿನಜೋಳ, ಗೋಧಿಗಳ ರೊಟ್ಟಿಯನ್ನು ಅಥವಾ ನುಚ್ಚನ್ನು, ಅದರ ಜೊತೆಗೆ ಹಾಲನ್ನು. ಸಾಕುವವರಲ್ಲಿ ಬಡವರೇ ಹೆಚ್ಚು. ಐದಾರು ನಾಯಿಯ ಜೊತೆ ಬಸುರಿ, ಬಾಣಂತಿ, ಮರಿಗಳನ್ನೂ ನೋಡಿಕೊಳ್ಳಬೇಕಾದ ಮನೆಯಲ್ಲಿ ಉಳಿದ ರೊಟ್ಟಿ ಸಾಲದು; ನಾಯಿಗೆಂದೇ ಹಿಟ್ಟು ಬೀಸಬೇಕು, ಹಾಲು ಎತ್ತಿಡಬೇಕು. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಆಹಾರ ಯಾವುದು ಎಂಬ ಲೆಕ್ಕವನ್ನು ಮುಧೋಳದ ಮನೆಗಳು ಘಟ್ಟದವರಿಗಿಂತ ಬಹಳ ಮೊದಲೇ ಹಾಕಬೇಕಾಯಿತು.

ಜಗತ್ತಿನ ಬೇರೆಡೆ ಈ ಲೆಕ್ಕವೇ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಅಮೆರಿಕದಿಂದ ಲಂಡನ್ನಿಗೆ ಬಂದಿದ್ದ ಜೇಮ್ಸ್ ಸ್ಪ್ರಾಟ್ 1860ರ ಸುಮಾರಿಗೆ ಗೋಧಿ, ತರಕಾರಿ ಮತ್ತು ಮಾಂಸದ ಅಂಶ ಸೇರಿಸಿ ನಾಯಿ ಬಿಸ್ಕತ್ತು ಮಾಡಿ ಮಾರಿದ. ಅದರ ಮೊದಲ ಗಿರಾಕಿಗಳು ಬೇಟೆ ನಾಯಿಗಳನ್ನು ಸಾಕಿದ ಶ್ರೀಮಂತರು. 1957ರಲ್ಲಿ ಅಮೆರಿಕದ ಪ್ಯೂರಿನಾ ಕಂಪನಿ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಅಚ್ಚಿನಿಂದ ಹೊರದೂಡಿ ಉಬ್ಬಿಸುವ ವಿಧಾನದಿಂದ ಒಣ ಆಹಾರವನ್ನು ಮಾರುಕಟ್ಟೆಗೆ ತಂದಿತು. ಇಂದು ಶಿರಸಿಯ ಅಂಗಡಿಯಲ್ಲಿ ಸಿಗುವ ಮೂಟೆಯ ಕಾಳು ಅದೇ ವಿಧಾನದ್ದು.

ಆ ಮೂಟೆಗೆ ಮಲೆನಾಡಿನಲ್ಲಿ ದಾರಿ ಮಾಡಿಕೊಟ್ಟದ್ದು ಜಾಹೀರಾತಿಗಿಂತ ಹೆಚ್ಚಾಗಿ ಮನೆಗಳೊಳಗಿನ ಬದಲಾವಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ಅಪರಾಧವಾಯಿತು. ಕಾಡಿಗೆ ಅದು ಬೇಕಿತ್ತು, ಆದರೆ ನಾಯಿಯ ಪಾಲೂ ಅದರೊಂದಿಗೆ ಹೋಯಿತು. ಅಡಿಕೆಯ ಬೆಲೆ ಏರಿದಂತೆ ಗದ್ದೆಗಳು ತೋಟವಾದವು, ಮನೆಯಲ್ಲಿ ಭತ್ತವೂ ಇಲ್ಲ, ನುಚ್ಚೂ ಇಲ್ಲ ಎಂಬಂತಾಯಿತು. ದನ ಕಡಿಮೆಯಾಗಿ ಮಜ್ಜಿಗೆ ಇಳಿಯಿತು. ಇಪ್ಪತ್ತು ಮಂದಿಯ ಮನೆ ನಾಲ್ಕು ಮಂದಿಯ ಮನೆಯಾದಾಗ ನಾಯಿಯ ಹೊಟ್ಟೆ ತುಂಬುವಷ್ಟು ಅನ್ನ ಉಳಿಯುವುದಿಲ್ಲ. ಇದೇ ಹೊತ್ತಿಗೆ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಂಥ ದೊಡ್ಡ ಮೈಯ, ಬೇಗ ಬೆಳೆಯುವ ಜಾತಿ ನಾಯಿಗಳು ತೋಟದ ಕಾವಲಿಗೆ ಬಂದವು. ತಾಲೂಕು ಕೇಂದ್ರಗಳಲ್ಲಿ ಬ್ರಾಯ್ಲರ್ ಕೋಳಿ ಅಂಗಡಿಗಳು ತೆರೆದವು. ಅವುಗಳ ಕಾಲು, ತಲೆ, ಹೊಟ್ಟೆಯ ಭಾಗ ಬೇಟೆಯ ಪಾಲಿನ ಜಾಗಕ್ಕೆ ಬಂದು, ಇಂದಿಗೂ ಈ ಸೀಮೆಯಲ್ಲಿ ನಾಯಿಗೆ ಸಿಗುವ ಅತ್ಯಂತ ಅಗ್ಗದ ಮಾಂಸವಾಗಿ ಉಳಿದಿವೆ.

ಹೀಗೆ ಆಹಾರವನ್ನು ಕೊಳ್ಳಲೇಬೇಕಾದ ಮೇಲೆ ಮೂಟೆಯ ಬೆಲೆಯನ್ನಷ್ಟೇ ನೋಡಿದರೆ ಮೋಸ ಹೋಗುತ್ತಾರೆ. ದಿನವಿಡೀ ಓಡಾಡುವ 25 ಕಿಲೋ ತೂಕದ ನಾಯಿಗೆ ಸುಮಾರು 1450 ಕಿಲೋ ಕ್ಯಾಲರಿ ಬೇಕು. ನೂರು ಗ್ರಾಮಿಗೆ 360 ಕಿಲೋ ಕ್ಯಾಲರಿ ಕೊಡುವ ಒಣ ಆಹಾರವಾದರೆ ದಿನಕ್ಕೆ 400 ಗ್ರಾಂ ಸಾಕು. ಅಂಥ ಆರು ನಾಯಿಗಳಿರುವ ಕಡೆ 20 ಕಿಲೋ ಮೂಟೆ ಎಂಟು ದಿನಕ್ಕೆ ಮುಗಿಯುತ್ತದೆ. ಅಗ್ಗದ ಮೂಟೆಯಲ್ಲಿ ಸತ್ವ ಕಡಿಮೆಯಿದ್ದು ದಿನಕ್ಕೆ 500 ಗ್ರಾಂ ಹಾಕಬೇಕಾದರೆ ಅದೇ ಮೂಟೆ ಆರೂವರೆ ದಿನಕ್ಕೆ ಖಾಲಿ. ಜೊತೆಗೆ ಗುಡಿಸಬೇಕಾದ ಮಲವೂ ಹೆಚ್ಚು. ಡಬ್ಬಿಯ ಆಹಾರದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು, ಒಣ ಕಾಳಿನಲ್ಲಿ ಶೇಕಡ 10ರಷ್ಟೇ. ಆದ್ದರಿಂದ ಕಿಲೋಗೆ ಎಷ್ಟು ಎಂಬುದಕ್ಕಿಂತ ಒಂದು ನಾಯಿಗೆ ಒಂದು ದಿನಕ್ಕೆ ಎಷ್ಟು ಎಂದು ಕೇಳುವುದೇ ಸರಿಯಾದ ಲೆಕ್ಕ.

ಇದೇ ಲೆಕ್ಕದಲ್ಲಿ ಹಳೆಯ ಗಂಜಿಯನ್ನೂ ತೂಗಬಹುದು. 400 ಗ್ರಾಂ ಅಕ್ಕಿ ಬೇಯಿಸಿದರೆ ಕ್ಯಾಲರಿ ಹೆಚ್ಚುಕಡಿಮೆ ಸರಿಹೋಗುತ್ತದೆ, ಆದರೆ ಪ್ರೋಟೀನು 28 ಗ್ರಾಮಿನಷ್ಟೇ. ಬೆಳೆದ ನಾಯಿಯ ಆಹಾರದ ನೀರಿನಂಶ ಬಿಟ್ಟ ತೂಕದಲ್ಲಿ ಕನಿಷ್ಠ ಶೇಕಡ 18 ಪ್ರೋಟೀನು ಇರಬೇಕೆಂಬುದು ಅಮೆರಿಕದ ಆಹಾರ ನಿಯಂತ್ರಣಾಧಿಕಾರಿಗಳ ಒಕ್ಕೂಟದ ಮಟ್ಟ. ಮರಿಗೂ ಬಸುರಿ, ಬಾಣಂತಿಗೂ ಅದು ಶೇಕಡ 22.5. ಅಂದರೆ ಬೆಳೆದ ನಾಯಿಗೇ ದಿನಕ್ಕೆ 70 ಗ್ರಾಂ ಬೇಕಾದಲ್ಲಿ ಅರ್ಧಕ್ಕಿಂತ ಹೆಚ್ಚು ಕೊರತೆ. ಅಕ್ಕಿಯನ್ನು ಕಡಿಮೆ ಮಾಡಿ 150 ಗ್ರಾಂ ಕೋಳಿ ಮಾಂಸ ಮತ್ತು ಎರಡು ಮೊಟ್ಟೆ ಬೇಯಿಸಿ ಬೆರೆಸಿದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಮಾಂಸ ತರದ ಮನೆಯಲ್ಲಿ ಚೆನ್ನಾಗಿ ಬೆಂದ ಬೇಳೆ, ಮೊಸರು, ಸಾಧ್ಯವಾದರೆ ಮೊಟ್ಟೆ ಆ ಕೆಲಸ ಮಾಡಬೇಕು. ನೀರುಮಜ್ಜಿಗೆಯಿಂದ ಅದು ಆಗುವುದಿಲ್ಲ. ಹಳೆಯ ತೋಟದ ಮನೆಗಳ ನಾಯಿಗಳು ಸೊರಗಿದ್ದರೆ ಅದು ಜಾತಿಯ ಗುಣವಲ್ಲ, ಈ ಕೊರತೆಯ ಗುರುತು. ಸುಣ್ಣದಂಶವೂ ಹಾಗೆಯೇ: ಅನ್ನದಲ್ಲೂ ಎಲುಬಿಲ್ಲದ ಮಾಂಸದಲ್ಲೂ ಅದು ತೀರ ಕಡಿಮೆ. ದೊಡ್ಡ ಜಾತಿಯ ಮರಿಗಳ ಕಾಲು ಸೊಟ್ಟಗಾಗಲು ಇದೂ ಒಂದು ಕಾರಣ. ಅಡುಗೆಮನೆಯ ಆಹಾರಕ್ಕೆ ಎಷ್ಟು ಸುಣ್ಣದಂಶ, ಯಾವ ಖನಿಜ ಸೇರಿಸಬೇಕೆಂದು ಪಶುವೈದ್ಯರನ್ನೇ ಕೇಳಬೇಕು. ಅಂದಾಜಿನಲ್ಲಿ ಹೆಚ್ಚು ಹಾಕಿದರೂ ಮೂಳೆಗೆ ಕೇಡು.

ಮಲೆನಾಡಿಗೇ ವಿಶೇಷವಾದ ಅಪಾಯ ಬೂಷ್ಟು. 2500 ಮಿಲಿಮೀಟರ್ ದಾಟುವ ಮಳೆಯಲ್ಲಿ ಬಯಲುಸೀಮೆಯ ಗೋವಿನಜೋಳ, ಶೇಂಗಾ ಹಿಂಡಿ, ಬಾಯಿ ತೆರೆದ ಮೂಟೆ ಯಾವುದೂ ಬಹಳ ದಿನ ನಿಲ್ಲುವುದಿಲ್ಲ. ಗೋವಿನಜೋಳ, ಶೇಂಗಾಗಳಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ; ಅದು ನಾಯಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಈ ವಿಷವಿದ್ದ ಗೋವಿನಜೋಳ ಸೇರಿದ ಸಿದ್ಧ ಆಹಾರ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತವು. ಹಾಗಾಗಿ ಆಷಾಢ, ಶ್ರಾವಣದಲ್ಲಿ ದೊಡ್ಡ ಮೂಟೆ ತಂದು ಉಳಿತಾಯ ಮಾಡುವುದು ಸುಳ್ಳು ಉಳಿತಾಯ. ಹದಿನೈದು ದಿನಕ್ಕೆ ಸಾಕಾಗುವಷ್ಟು ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ನೆಲಕ್ಕೆ ತಾಗದಂತೆ ಇಟ್ಟರೆ ಕ್ಷೇಮ. ಕೋಳಿ ಅಂಗಡಿಯ ಮಾಂಸವನ್ನು ತಂದ ದಿನವೇ ಬೇಯಿಸಬೇಕು. ಬೆಂದ ಎಲುಬು ಸೀಳಿ ಕರುಳಿಗೆ ಚುಚ್ಚುವುದರಿಂದ ಅದನ್ನು ತೆಗೆದು ಹಾಕಬೇಕು. ಹಸಿ ಕರುಳು, ಯಕೃತ್ತಿನಿಂದ ಹೊಟ್ಟೆಹುಳುವೂ ಬರುತ್ತದೆ. ಬೇಟೆಯ ಕಾಲದ ನಾಯಿಗಳನ್ನು ಅದು ಕಾಡಿದ್ದಿರಬೇಕು. ಈರುಳ್ಳಿ ಹಾಕಿದ ಹುಳಿ, ಸಾಂಬಾರು ಉಳಿದಿದ್ದರೆ ನಾಯಿಗೆ ಹಾಕಬಾರದು, ಅದು ರಕ್ತಕಣಗಳನ್ನು ಒಡೆಯುತ್ತದೆ. ಉಪ್ಪುಮೀನನ್ನು ನೀರಿನಲ್ಲಿ ನೆನೆಸಿ ತೊಳೆದ ಮೇಲೆಯೇ ಕೊಡಬೇಕು.

ಈ ಸೀಮೆಯಲ್ಲಿ ನಾಲ್ಕಾರು ನಾಯಿ ಸಾಕುವವರಿಗೆ ಹೊಂದುವ ಆಹಾರ ಪೂರ್ತಿ ಮೂಟೆಯದೂ ಅಲ್ಲ, ಪೂರ್ತಿ ಗಂಜಿಯದೂ ಅಲ್ಲ. ಬೆಳೆದ ನಾಯಿಗೆ ಗಿರಣಿಯ ನುಚ್ಚಕ್ಕಿ ಅಥವಾ ರಾಗಿ, ಅದಕ್ಕೆ ಕೋಳಿ, ಮೀನು, ಮೊಟ್ಟೆ, ಬೇಳೆಗಳಲ್ಲಿ ಕೈಗೆಟಕುವುದು, ಪಶುವೈದ್ಯರು ಹೇಳಿದ ಖನಿಜ ಮಿಶ್ರಣ ಇಷ್ಟಿದ್ದರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟವಾಗುತ್ತದೆ. ಮರಿಗಳಿಗೂ ಬಸುರಿ, ಬಾಣಂತಿ ನಾಯಿಗೂ ಮಾತ್ರ ಅವುಗಳಿಗೆಂದೇ ತಯಾರಿಸಿದ ಒಳ್ಳೆಯ ಮೂಟೆಗೆ ದುಡ್ಡು ಹಾಕಬೇಕು. ಅಲ್ಲಿ ಉಳಿಸಿದ ಹಣ ಮುಂದೆ ಔಷಧಿಗೆ ಹೋಗುತ್ತದೆ.