ನಟ್ ಕೂತರೆ ವೀಲ್ ಕೂತಂತೆಯೇ? ಕಾರಿನ ಚಕ್ರದ ಮೇಲಿನ ಅಂಕಿಗಳು ಹೇಳುವುದೇನು?

"ನಾಲ್ಕು ತೂತು ಇದ್ದರೆ ಆಯ್ತು, ಯಾವ ಕಾರಿನ ಅಲಾಯ್ ವೀಲ್ ಆದರೂ ನಿಮ್ಮ ಕಾರಿಗೆ ಕೂರುತ್ತೆ." ಸೆಕೆಂಡ್ ಹ್ಯಾಂಡ್ ಚಕ್ರ ಕೊಳ್ಳಲು ಹೋದವರು ಈ ಮಾತು ಕೇಳಿಯೇ ಇರುತ್ತಾರೆ. ಹಾಕಿಸಿಕೊಂಡು ಶಿವಮೊಗ್ಗದಿಂದ ಭದ್ರಾವತಿಗೆ ಒಬ್ಬರೇ ಹೋಗಿ ಬಂದರೆ ಏನೂ ತೊಂದರೆ ಕಾಣದಿರಬಹುದು. ಅದೇ ಕಾರಿನಲ್ಲಿ ಐದು ಜನ ಕೂತು, ಡಿಕ್ಕಿ ತುಂಬ ಲಗೇಜು ಹಾಕಿ ಆಗುಂಬೆ ಘಾಟಿಯ ತಿರುವು ಇಳಿಯುವಾಗ ತಪ್ಪು ಹೊರಗೆ ಬರುತ್ತದೆ.

ಈ ಮಾತು ನಿಜವೇ? ಅಲ್ಲ. ತೂತಿನ ಸಂಖ್ಯೆ ಮೊದಲ ಲೆಕ್ಕ ಮಾತ್ರ. ಉಳಿದ ಲೆಕ್ಕಗಳನ್ನು ನೋಡೋಣ.

ಚಕ್ರದ ಮೇಲೆ ಏನು ಬರೆದಿರುತ್ತದೆ?

ಅಲಾಯ್ ವೀಲ್‌ನ ಹಿಂಬದಿಯಲ್ಲಿ "15×6ಜೆ ಇಟಿ45, 4×100" ಎಂಬಂಥ ಗುರುತು ಇರುತ್ತದೆ.

• 15: ರಿಮ್‌ನ ವ್ಯಾಸ, ಇಂಚಿನಲ್ಲಿ.
• 6ಜೆ: ರಿಮ್‌ನ ಅಗಲ 6 ಇಂಚು. 'ಜೆ' ಎಂದರೆ ಟೈರ್ ಕೂರುವ ಅಂಚಿನ ಆಕಾರ.
• 4×100: ನಾಲ್ಕು ಬೋಲ್ಟ್, ಅವುಗಳ ನಡುಬಿಂದುಗಳ ಮೂಲಕ ಎಳೆದ ವೃತ್ತದ ವ್ಯಾಸ 100 ಮಿ.ಮೀ. ಇದನ್ನೇ ಅಂಗಡಿಯವರು ಪಿಸಿಡಿ ಎನ್ನುವುದು.
• ಇಟಿ45: ಚಕ್ರ ಹಬ್‌ಗೆ ಅಂಟುವ ಮುಖವು ರಿಮ್‌ನ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ. ಇದು ಆಫ್‌ಸೆಟ್.
• ಸೆಂಟರ್ ಬೋರ್: ಚಕ್ರದ ನಡುವಿನ ದೊಡ್ಡ ತೂತಿನ ವ್ಯಾಸ.

ಒಂದು ಉದಾಹರಣೆ: ಸ್ವಿಫ್ಟ್‌ಗೆ ಹೋಂಡಾ ಸಿಟಿ ಚಕ್ರ

2018ರ ಮಾರುತಿ ಸ್ವಿಫ್ಟ್ ಮತ್ತು 2014ರ ಹೋಂಡಾ ಸಿಟಿ, ಎರಡರದ್ದೂ 4×100. ಹಾಗಾಗಿ ಬೋಲ್ಟ್‌ಗಳು ತೂತಿನೊಳಗೆ ಸಲೀಸಾಗಿ ಹೋಗುತ್ತವೆ. ಆದರೆ ಮೂರು ವ್ಯತ್ಯಾಸಗಳಿವೆ.

ಮೊದಲನೆಯದು ನಡುವಿನ ತೂತು. ಸ್ವಿಫ್ಟ್‌ನದ್ದು 54.1 ಮಿ.ಮೀ., ಸಿಟಿಯದ್ದು 56.1. ಎರಡು ಮಿ.ಮೀ. ಸಡಿಲ ಇರುವುದರಿಂದ ಚಕ್ರ ಸರಿಯಾಗಿ ನಡುವಿಗೆ ಕೂರದೆ, ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಇದಕ್ಕೆ ಅಳತೆಯ ಹಬ್ ರಿಂಗ್ ಬೇಕು.

ಎರಡನೆಯದು ನಟ್‌ನ ಆಕಾರ. ಹೋಂಡಾ ಕಂಪನಿಯ ಚಕ್ರಕ್ಕೆ ಚೆಂಡಿನಂತೆ ದುಂಡಗಿನ ತಳದ ನಟ್ ಬೇಕು. ಸ್ವಿಫ್ಟ್‌ನ ನಟ್ ಕೋನಾಕಾರ. ಕೋನದ ನಟ್ ದುಂಡಗಿನ ಕುಳಿಯಲ್ಲಿ ಒಂದು ಸಣ್ಣ ಗೆರೆಯ ಮೇಲಷ್ಟೇ ಒತ್ತುತ್ತದೆ. ಬಿಗಿ ಇದ್ದಂತೆ ಕಂಡರೂ ಓಡುತ್ತ ಓಡುತ್ತ ಸಡಿಲವಾಗುತ್ತದೆ.

ಮೂರನೆಯದು ಮರೆ, ಅಂದರೆ ಥ್ರೆಡ್. ಎರಡೂ 12 ಮಿ.ಮೀ. ದಪ್ಪದವೇ, ಆದರೆ ಸ್ವಿಫ್ಟ್‌ನದ್ದು 1.25, ಸಿಟಿಯದ್ದು 1.5. ಸಿಟಿಯ ನಟ್‌ಅನ್ನೇ ತಂದು ಜೋರಾಗಿ ತಿರುಗಿಸಿದರೆ ಬೋಲ್ಟ್‌ನ ಮರೆ ಹಾಳಾಗುತ್ತದೆ.

ಫಿಯೆಟ್ ಪುಂಟೊದ ಚಕ್ರ 4×98. ಎರಡೇ ಮಿ.ಮೀ. ವ್ಯತ್ಯಾಸ, ಟೇಪ್ ಹಿಡಿದರೂ ಗೊತ್ತಾಗುವುದು ಕಷ್ಟ. ಬಲವಂತವಾಗಿ ಹಾಕಿದರೆ ಬೋಲ್ಟ್‌ಗಳು ಓರೆಯಾಗಿ ಎಳೆಸಿಕೊಳ್ಳುತ್ತವೆ. ನಟ್ ಬಿಗಿಯಾದಾಗ ಚಕ್ರ ಮತ್ತು ಹಬ್ ಒಂದಕ್ಕೊಂದು ಒತ್ತಿ ಹಿಡಿದುಕೊಳ್ಳಬೇಕು. ಆ ಹಿಡಿತ ತಪ್ಪಿದರೆ ಇಡೀ ಭಾರ ಬೋಲ್ಟ್‌ಗಳ ಮೇಲೆ ಬಿದ್ದು ಅವು ತುಂಡಾಗಬಹುದು. ತೂತನ್ನು ಲೇತ್‌ನಲ್ಲಿ ಉದ್ದ ಮಾಡಿಸುವುದಂತೂ ಬೇಡವೇ ಬೇಡ.

ಅಗಲ ಚಕ್ರ ಹಾಕಿದರೆ ಏನಾಗುತ್ತದೆ?

6ಜೆ ಇಟಿ45 ತೆಗೆದು 7ಜೆ ಇಟಿ35 ಹಾಕಿದಿರಿ ಎಂದುಕೊಳ್ಳಿ. ಒಂದು ಇಂಚು ಅಗಲವಾದ್ದರಿಂದ ಎರಡೂ ಕಡೆ 12.7 ಮಿ.ಮೀ. ಹೆಚ್ಚಿತು. ಆಫ್‌ಸೆಟ್ 10 ಕಡಿಮೆಯಾದ್ದರಿಂದ ಚಕ್ರ ಅಷ್ಟು ಹೊರಗೆ ಸರಿಯಿತು. ಒಟ್ಟು 22.7 ಮಿ.ಮೀ. ಹೊರಕ್ಕೆ. ಕಾರು ಖಾಲಿ ನಿಂತಾಗ ಇದು ಚೆಂದವೇ. ಲೋಡ್ ತುಂಬಿ ಸಸ್ಪೆನ್ಷನ್ ಕುಗ್ಗಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ವೀಲ್ ಬೇರಿಂಗ್ ಮೇಲಿನ ಒತ್ತಡವೂ ಹೆಚ್ಚುತ್ತದೆ.

ಟೈರ್ ಲೆಕ್ಕ ಹೇಗೆ?

185/65 ಆರ್15 ಎಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ. 65, ರಿಮ್ 15 ಇಂಚು. ಒಟ್ಟು ವ್ಯಾಸ ಸುಮಾರು 621 ಮಿ.ಮೀ. ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾಡೆಲ್‌ನ 165/80 ಆರ್14 ಲೆಕ್ಕ ಹಾಕಿ, ಸುಮಾರು 620 ಬರುತ್ತದೆ. ಕಂಪನಿ ರಿಮ್ ದೊಡ್ಡದು ಮಾಡಿದಾಗ ಟೈರ್‌ನ ಪಕ್ಕದ ಎತ್ತರ ಇಳಿಸಿ, ಒಟ್ಟು ವ್ಯಾಸ ಹಾಗೇ ಉಳಿಸಿದೆ.

ಇದರ ಬದಲು 205/65 ಆರ್15 ಹಾಕಿದರೆ ವ್ಯಾಸ 647 ದಾಟುತ್ತದೆ. ಮೀಟರ್‌ನಲ್ಲಿ 80 ಎಂದು ತೋರಿಸುವಾಗ ಮೊದಲಿಗಿಂತ ಶೇ. 4ರಷ್ಟು ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತೀರಿ.

ಟೈರ್ ಮೇಲಿನ ಕೊನೆಯ ಅಂಕಿಯನ್ನೂ ನೋಡಿ. 88 ಎಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು, 84 ಎಂದರೆ 500 ಕೆ.ಜಿ. ಮೊದಲಿದ್ದುದಕ್ಕಿಂತ ಕಡಿಮೆ ಅಂಕಿಯದನ್ನು ಹಾಕಬೇಡಿ.

"ಅಲಾಯ್ ಅಂದ್ರೆ ಉಕ್ಕಿಗಿಂತ ಗಟ್ಟಿ" – ನಿಜವೇ?

1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯಲ್ಲಿ 'ಅಲಾಯ್' ಎಂದರೆ ವಿಐಎಸ್ಎಲ್‌ನ ಮಿಶ್ರಲೋಹ ಉಕ್ಕು ನೆನಪಾಗುವುದು ಸಹಜ. ಆದರೆ ಕಾರಿನ ಅಲಾಯ್ ವೀಲ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹ, ಉಕ್ಕಲ್ಲ. ಗುಂಡಿಗೆ ಜೋರಾಗಿ ಬಿದ್ದಾಗ ಉಕ್ಕಿನ ರಿಮ್ ಹೆಚ್ಚಾಗಿ ಬಾಗುತ್ತದೆ. ಅಲಾಯ್ ಬಿರುಕು ಬಿಡಬಹುದು. ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿದ ಅಲಾಯ್ ವೀಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನವನ್ನು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಹಾಗಾಗಿ ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಟ್ಟಿರುವ ಅಳತೆಯೊಳಗೆ ಇರುವುದು ಕ್ಷೇಮ.

ದುಡ್ಡು ಕೊಡುವ ಮುನ್ನ

1. ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್ ಮತ್ತು ಕಾರಿನ ಪುಸ್ತಕದಲ್ಲಿರುವ ಟೈರ್ ಅಳತೆಯ ಫೋಟೊ ತೆಗೆದಿಟ್ಟುಕೊಳ್ಳಿ.
2. ಕೊಳ್ಳುವ ಚಕ್ರದ ಹಿಂಬದಿಯ ಗುರುತುಗಳನ್ನು ಅದರ ಜೊತೆ ಹೋಲಿಸಿ. ಗುರುತೇ ಇಲ್ಲದ ಚಕ್ರ ಬೇಡ.
3. ನಡುವಿನ ತೂತಿನ ಅಳತೆ, ನಟ್‌ನ ಆಕಾರ, ಥ್ರೆಡ್ ಕೇಳಿ ತಿಳಿದುಕೊಳ್ಳಿ.
4. ಹಾಕಿಸಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದೆ ಜನ ಕೂರಿಸಿ, ಎಲ್ಲಾದರೂ ಉಜ್ಜುತ್ತದೆಯೇ ನೋಡಿ.
5. 50ರಿಂದ 100 ಕಿ.ಮೀ. ಓಡಿದ ನಂತರ ಟಾರ್ಕ್ ರೆಂಚ್‌ನಿಂದ ನಟ್‌ಗಳನ್ನು ಮತ್ತೆ ಪರೀಕ್ಷಿಸಿ.

ಒಟ್ಟಿನಲ್ಲಿ, ನಟ್ ಕೂತ ಮಾತ್ರಕ್ಕೆ ವೀಲ್ ಕೂತಿತು ಎಂದಲ್ಲ. "ನಾಲ್ಕು ತೂತು ಸಾಕು" ಎಂಬ ಮಾತು ನಿಮ್ಮ ಗುಂಪಿನಲ್ಲಿ ಬಂದರೆ, ಅದರ ಕೆಳಗೆ ಇದನ್ನು ಕಳಿಸಿ.